ಮೊಳೆಗೆ ತೂಗುತ್ತಿದ್ದ ಚೀಲ

"ಗಂಡ ಸತ್ತು ಮೂರು ದಿನ ಆಯ್ತಲ್ಲೇ! ಕಾರ್ಖಾನೆ ಮನೆ ಏನು ನಿಮ್ಮಪ್ಪಂದಾ? ಎತ್ತೇ ಪಾತ್ರೆ!" ಕಾರ್ಖಾನೆ ಮನೆಗಳನ್ನು ಹಂಚುವ ವಸತಿ ಸಾಹೇಬ ಬೂಟುಗಾಲಲ್ಲಿ ಬಾಗಿಲು ಒದ್ದ.

ಅಂಗಳದಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತಿದ್ದ ಫಿಟ್ಟರನ ಮುಖ ಹುಳ್ಳಗಾಯಿತು. ಆ ಮನೆ ಇನ್ನು ಅವನದು. ಯುದ್ಧಕ್ಕೆ ಮದ್ದುಗುಂಡು ಮಾಡುವವರಿಗೆಂದು ಸರ್ಕಾರ ಕಟ್ಟಿಸಿದ ಸಾಲುಮನೆ ಸಿಗುವುದೆಂದರೆ ಹುಡುಗಾಟವೇ? ಎರಡು ವರ್ಷದಿಂದ ಅವನದೂ ಸೇರಿ ಮೂರು ಸಂಸಾರ ಒಂದೇ ತಗಡಿನ ಕೋಣೆಯಲ್ಲಿ ಬಟ್ಟೆ ಅಡ್ಡ ಕಟ್ಟಿಕೊಂಡು ಬದುಕಿದ್ದವು. ಈಗ ಪಕ್ಕದಲ್ಲಿ ನಿಂತಿದ್ದ ಹೆಂಡತಿ ತುಂಬು ಬಸುರಿ.

ಮನೆ ಸಿಕ್ಕಿದ್ದು ಒಂದು ಸಹಿಗೆ. ಮದ್ದಿನ ಷೆಡ್ಡು ಸಿಡಿದು ಜೊತೆಗಾರ ಸತ್ತಾಗ ಮೇಸ್ತ್ರಿ ಕಾಗದ ಚಾಚಿದ್ದ: "ಅವನು ಬೆಂಕಿಪೊಟ್ಟಣ ಒಳಗೆ ತಂದಿದ್ದ ಅಂತ ಸಹಿ ಹಾಕು. ಅವನ ಮನೆ ನಿಂದು." ಕಿಡಿ ಏಳದಂತೆ ನೆಲಕ್ಕೆ ನೀರು ಹೊಡೆಯಲೂ ಪುರುಸೊತ್ತು ಕೊಡದೆ ದುಡಿಸಿದವನು ಇದೇ ಮೇಸ್ತ್ರಿ. ಗೊತ್ತಿದ್ದೂ ಫಿಟ್ಟರ್ ಸಹಿ ಹಾಕಿದ್ದ. ಥೂ, ಅನ್ನ ತಿನ್ನುವವನು ಮಾಡುವ ಕೆಲಸವೇ ಅದು!

ಸತ್ತವನ ಹೆಂಡತಿ ಪಾತ್ರೆಗಂಟು ಹೊತ್ತು ಹೊರಬಂದಳು. ಬಸುರಿಯ ಹೊಟ್ಟೆ ನೋಡಿ ನಿಂತಳು. "ಹಿಂದಿನ ಕಿಟಕಿ ಸರಿಯಾಗಿ ಮುಚ್ಚಲ್ಲ ತಂಗಿ, ಬಟ್ಟೆ ತುರುಕಿಕೋ." ಆಮೇಲೆ ಫಿಟ್ಟರನ ಕಡೆ ತಿರುಗಿದಳು. "ಅಣ್ಣಾ, ನೀವು ಜೊತೇಲಿದ್ರಲ್ಲ. ನಮ್ಮೋರು ನಿಜವಾಗ್ಲೂ ಕಡ್ಡಿ ಗೀರಿದ್ರಾ? ತಪ್ಪು ಅವರದಲ್ಲದಿದ್ರೆ ಯುದ್ಧ ಮುಗಿಯೋವರೆಗೂ ನಾನು ಇಲ್ಲೇ ಇರಬಹುದಿತ್ತಂತೆ."

ಫಿಟ್ಟರ್ ಕಾರ್ಖಾನೆಯ ಗೇಟಿಗೆ ಓಡಿದ.

ಪಾಳಿಗೆ ಹೋಗುವ ಪ್ರತಿಯೊಬ್ಬನೂ ತನ್ನ ಬೆಂಕಿಪೊಟ್ಟಣವನ್ನು ನಂಬರಿನ ಚೀಲಕ್ಕೆ ಹಾಕಿ ಗೇಟಿನ ಮೊಳೆಗೆ ತೂಗುಹಾಕಬೇಕು, ಹೊರಬರುವಾಗ ಒಯ್ಯಬೇಕು. ಜೊತೆಗಾರ ಹೊರಬಂದಿರಲಿಲ್ಲ. ಅವನ ಚೀಲ ಇನ್ನೂ ಅಲ್ಲೇ ಇತ್ತು. ಸಾಹೇಬರು ಆ ಗೇಟಿನಲ್ಲಿ ಓಡಾಡುವವರಲ್ಲ. ಫಿಟ್ಟರ್ ಮಾತ್ರ ಮೂರು ದಿನದಿಂದ ಅದನ್ನು ನೋಡಿಯೂ ನೋಡದಂತೆ ಪಕ್ಕದ ಮೊಳೆಗೇ ತನ್ನ ಚೀಲ ಹಾಕುತ್ತಿದ್ದ.

ಏದುಸಿರು ಬಿಡುತ್ತ ಹಿಂದಿರುಗಿ ಜೊತೆಗಾರನ ಚೀಲ ಕೊಡವಿದ. ಬೆಂಕಿಪೊಟ್ಟಣ ಸಾಹೇಬನ ಬೂಟಿನ ಮೇಲೆ ಬಿತ್ತು.

"ನೋಡಿ ಸಾಹೇಬ್ರೆ, ಸತ್ತೋನ ನಂಬರಿನ ಚೀಲ, ಗೇಟಿನ ಮೊಳೇಲೇ ಇತ್ತು. ಅವನ ಪೊಟ್ಟಣ ಒಳಗೆ ಹೋಗೇ ಇಲ್ಲ. ಸುಳ್ಳಿಗೆ ಸಹಿ ಹಾಕಿದೋನು ನಾನು. ಹಾಕಿಸಿದೋನು ಮೇಸ್ತ್ರಿ."

"ಬಾಯ್ಮುಚ್ಚೋ ಬೋಳಿಮಗನೆ! ಮನೆ ಜೊತೆ ಕೆಲಸಾನೂ ಹೋಗುತ್ತೆ!"

"ಹೋಗ್ಲಿ."

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಸತ್ತವನ ಹೆಂಡತಿ ಬಗ್ಗಿ ಪೊಟ್ಟಣ ಎತ್ತಿಕೊಂಡಳು. ಫಿಟ್ಟರನ ಮುಖಕ್ಕೆ ಕ್ಯಾಕರಿಸಿ ಉಗಿದಳು. ಪಾತ್ರೆಗಂಟಿನೊಂದಿಗೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಫಿಟ್ಟರ್ ಎಂಜಲು ಒರೆಸಿಕೊಳ್ಳಲಿಲ್ಲ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಸಾಹೇಬನ ಬೂಟಿಗೆ ಅಡ್ಡವಾಗಿ ಕೂತ. ಬಸುರಿ ಮೂಟೆ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತಳು.