ಅರ್ಧ ಸ್ಪಂಜು

ಟೆಂಪೋಗೆ ಎರಡೂವರೆ ಸಾವಿರ. ಎತ್ತಿಳಿಸುವ ನಾಲ್ವರಿಗೆ ತಲಾ ಐನೂರು. ಮೀನಿನ ತೊಟ್ಟಿಯ ಅಡಿ ಹಾಸುವ ಥರ್ಮಾಕೋಲಿಗೆ ಇನ್ನೂರು. ಇಷ್ಟು ಖರ್ಚು ಮಾಡಿ ತನ್ನ ಮೀನುಗಳನ್ನು ನೆಗೆಣ್ಣಿಯ ಮನೆಗೆ ಮುಟ್ಟಿಸಬೇಕಿತ್ತು. ಇದಕ್ಕಿಂತ ನಷ್ಟದ ವ್ಯವಹಾರವನ್ನು ಕಾಂತಾ ಕಂಡಿರಲಿಲ್ಲ.

ಐದಡಿ ಉದ್ದದ ಆ ಗಾಜಿನ ತೊಟ್ಟಿಯನ್ನು ಕೊಂಡವನು ಮೈದುನ ಶುಭಂ ನಿಜ. ಆದರೆ ಮಹಾಂತೇಶ ನಗರದ ಮನೆಯಲ್ಲಿ ವರ್ಷಗಟ್ಟಲೆ ಅದರ ನೀರು ಬದಲಿಸಿದವಳು, ಗಾಜು ಒರೆಸಿದವಳು ಕಾಂತಾ. ಅಂಗೈ ಅಗಲದ ಕೇಸರಿ ಮೀನಿಗೆ ಸಾವ್ಕಾರ ಎಂದು ಹೆಸರಿಟ್ಟವಳೂ ಅವಳೇ. ಅವಳ ಬಳೆ ಸದ್ದಾದರೆ ಸಾಕು, ಸಾವ್ಕಾರ ಗಾಜಿಗೆ ಮೂತಿ ಹಚ್ಚುತ್ತಿತ್ತು. ಶುಭಂ ಮದುವೆಯಾಗಿ ಖಾನಾಪುರದಲ್ಲಿ ಮನೆ ಮಾಡಿದ. ದೀಪಾವಳಿಗೆ ಬಂದಾಗ ಅವನ ಹೆಂಡತಿ, ಅಂದರೆ ಕಾಂತಾಳ ನೆಗೆಣ್ಣಿ ತ್ರಿಶಲಾ ಗಾಜಿನ ಮೇಲೆ ಬೆರಳಾಡಿಸಿದಳು. ಸಾವ್ಕಾರ ಆ ಬೆರಳಿನ ಹಿಂದೆಯೇ ಈ ತುದಿಯಿಂದ ಆ ತುದಿಗೆ ಓಡಾಡಿತು. ತೊಟ್ಟಿಯನ್ನು ಖಾನಾಪುರಕ್ಕೆ ಒಯ್ಯುವುದೆಂದು ಶುಭಂ ಅಲ್ಲೇ ಹೇಳಿದ. ಅಂದು ಕಾಂತಾಳಿಗೆ ತಾನೇ ಮಾಡಿದ ಹೋಳಿಗೆ ರುಚಿಸಲಿಲ್ಲ.

ಟೆಂಪೋ ಬರುವ ಮೊದಲೇ ಅವಳು ಒಂದು ಕೆಲಸ ಮುಗಿಸಿದ್ದಳು. ನೀರು ಸೋಸುವ ಯಂತ್ರದೊಳಗಿನ ಸ್ಪಂಜನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಹಿತ್ತಲ ಬಕೆಟ್ಟಿನಲ್ಲಿ ತೊಟ್ಟಿಯ ಹಳೆಯ ನೀರಿಗೆ ಹಾಕಿ, ಗಾಳಿ ಪಂಪು ಹಚ್ಚಿ ಬಚ್ಚಿಟ್ಟಿದ್ದಳು. ಆ ಸ್ಪಂಜಿನ ಕರಿ ಲೋಳೆಯಲ್ಲೇ ಮೀನಿನ ಹೊಲಸು ತಿಂದು ನೀರನ್ನು ಕಾಪಾಡುವ, ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಅದನ್ನು ತೊಳೆದರೆ ಹೊಲಸೇ ವಿಷವಾಗುತ್ತದೆ. ಮೊದಲ ವರ್ಷ ಹಾಗೆ ತೊಳೆದು, ಮೀನು ಕಳೆದುಕೊಂಡು ಕಲಿತ ಪಾಠವಿದು. ಬಚ್ಚಿಟ್ಟ ಆ ಅರ್ಧದಿಂದ ತನ್ನದೇ ಒಂದು ಹೊಸ ತೊಟ್ಟಿ ಹಾಕುವ ಆಸೆ ಅವಳದು.

ನೀರನ್ನು ಕ್ಯಾನುಗಳಿಗೆ ತುಂಬಿಸಿ, ಮೀನುಗಳನ್ನು ಮುಚ್ಚಳದ ಬಕೆಟ್ಟಿಗೆ ಬಿಟ್ಟು, ಉಸುಕನ್ನೂ ತೆಗೆಸಿದ ಮೇಲೆಯೇ ಅವಳು ತೊಟ್ಟಿ ಎತ್ತಲು ಬಿಟ್ಟಳು.

"ಏ, ಮ್ಯಾಲಿನ ಅಂಚ ಹಿಡದ ಎತ್ತಬ್ಯಾಡ್ರೋ, ಗಾಜಿನ ಜೋಡ ಬಿಡತಾವು! ತಳಕ್ಕ ಕೈ ಹಾಕ್ರಿ!"

ಶುಭಂ ನಕ್ಕ. "ವೈನಿ, ತೊಟ್ಟಿ ಕಳಸಾಕತ್ತೀರೋ, ಮಗಳನ್ನ ಗಂಡನ ಮನಿಗೆ ಕಳಸಾಕತ್ತೀರೋ?"

"ಮಗಳಾದ್ರ ಹಬ್ಬಕ್ಕರೆ ತಿರುಗಿ ಬರತಾಳಪಾ."

ಕಾಂತಾಳೂ ಟೆಂಪೋ ಹತ್ತಿ ಜೊತೆಗೆ ಹೋದಳು. ಖಾನಾಪುರದಲ್ಲಿ ತೊಟ್ಟಿ ಒಂದು ಗೀರೂ ಬೀಳದೆ ಇಳಿಯಿತು. ತ್ರಿಶಲಾ ಮೂರು ಮಡಿಕೆ ಬಟ್ಟೆ ಕಟ್ಟಿ ಹೊಸ ನೀರು ಸೋಸುತ್ತಿದ್ದಳು. ಜೈನರ ಮನೆಯಲ್ಲಿ ಸೋಸದ ನೀರು ಒಲೆಗೂ ಏರುವುದಿಲ್ಲ. ಆಮೇಲೆ ಅವಳು ಯಂತ್ರದಲ್ಲಿ ಉಳಿದಿದ್ದ ಅರ್ಧ ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಅಕ್ಕಾ, ಇದ ನೋಡ್ರಿ ಎಷ್ಟ ಹೊಲಸ ಆಗೈತಿ! ನಳದಾಗ ತೊಳದ ಹಾಕ್ಲಿ?"

ಬೇಡ ಎಂಬ ಮಾತು ಕಾಂತಾಳ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ತ್ರಿಶಲಾಳ ಬಳೆ ಸದ್ದಿಗೆ ಬಕೆಟ್ಟಿನೊಳಗಿಂದ ಸಾವ್ಕಾರ ಮೇಲೆ ಬಂದು ಬಾಯಿ ತೆರೆಯಿತು.

"ನಿನ್ನ ಮನಿ, ನಿನ್ನ ಮೀನ," ಎಂದಳು ಕಾಂತಾ. "ನಂದೇನೈತಿ?"

ಒಪ್ಪಿಗೆ ಸಿಕ್ಕಿತೆಂದು ತ್ರಿಶಲಾ ಸ್ಪಂಜನ್ನು ಹಾಲಿನಂತೆ ಬಿಳುಪಾಗುವ ತನಕ ತಿಕ್ಕಿದಳು.

ಮೂರನೆಯ ದಿನ ಫೋನು ಬಂತು. ಅತ್ತ ತ್ರಿಶಲಾ ಅಳುತ್ತಿದ್ದಳು. "ಅಕ್ಕಾ, ನೀರ ಬೆಳ್ಳಗಾಗೈತ್ರಿ. ಮೂರ ಸಣ್ಣವು ಸತ್ತಾವು. ಸಾವ್ಕಾರ ಮ್ಯಾಲ ಬಂದು ಬಾಯಿ ಬಿಡಾಕತ್ತೈತಿ. ನನ್ನ ಕೈಲೆ ಜೀವ ಹೋದೂವ್ರಿ, ನಿನ್ನಿಯಿಂದ ಅನ್ನ ಇಳಿವಲ್ದು. ನೀವು ಹೇಳಿದ್ದನ್ನ ನಾನ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲೇನೋ..."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಾಂತಾ ಹಿತ್ತಲಿಗೆ ಹೋದಳು. ಅರ್ಧ ಸ್ಪಂಜನ್ನು ನೀರಿನ ಸಮೇತ ಡಬ್ಬಿಗೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದಳು.

ತೊಟ್ಟಿಯ ಅರ್ಧ ನೀರು ಬದಲಿಸಿ ಸ್ಪಂಜು ಕೂರಿಸಿದಳು. ಸಂಜೆಯ ಹೊತ್ತಿಗೆ ಸಾವ್ಕಾರ ತಳಕ್ಕಿಳಿದು ಈಜತೊಡಗಿತು.

"ಈ ತುಂಡ ಎಲ್ಲಿಂದ ಬಂತ್ರಿ ಅಕ್ಕಾ?"

"ಕತ್ತರಿಸಿ ಮುಚ್ಚಿಟ್ಟಿದ್ದೆ. ತೊಳೀಬಾರದು ಅನ್ನೂದೂ ನನಗ ಗೊತ್ತಿತ್ತು."

ತ್ರಿಶಲಾ ಕಿಟಕಿಯಾಚೆ ಇಳಿಬಿಸಿಲು ನೋಡಿದಳು. "ಹೊತ್ತ ಮುಳಗೂದರೊಳಗ ಉಣ್ಣೂಣು ಬರ್ರಿ. ಸಿಟ್ಟ ಆಮ್ಯಾಲ ಮಾಡ್ತೇನಿ."

ಉಂಡು ಹೊರಡುವಾಗ ಕಾಂತಾ ಗಾಜಿನ ಮುಂದೆ ಬಳೆ ಆಡಿಸಿದಳು. ಸಾವ್ಕಾರ ತಿರುಗಿಯೂ ನೋಡದೆ ತ್ರಿಶಲಾಳ ಬೆರಳಿನ ಹಿಂದೆ ಹೋಯಿತು. ಕಾಂತಾ ಖಾಲಿ ಡಬ್ಬಿ ಎತ್ತಿಕೊಂಡಳು.

ಸಣ್ಣ ಮೀನು ಮೂರು ಹೋದವು. ಸಾವ್ಕಾರ ಬದುಕಿತು, ತ್ರಿಶಲಾಳದಾಗಿ. ಹೊಸ ತೊಟ್ಟಿಗೆಂದು ಇಟ್ಟುಕೊಂಡಿದ್ದ ಅರ್ಧ ಸ್ಪಂಜು ಖಾನಾಪುರದಲ್ಲೇ ಉಳಿಯಿತು.