ಜಾಮೂನಿನ ಎರಡನೆಯ ಸ್ನಾನ

೨೦೦೬ರ ಜೂನ್‌ನಲ್ಲಿ ನಾನು ಘಾಜಿಯಾಬಾದಿಗೆ ಹೊಸಬ. ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು ಸುಡುವಷ್ಟು ಕಾದಿರುತ್ತದೆಂದು ಅರಿಯದೆ, ನಲ್ಲಿಯ ನೀರನ್ನು ನೇರವಾಗಿ ನಮ್ಮ ನಾಯಿ ಜಾಮೂನಿನ ಬೆನ್ನಿಗೆ ಸುರಿದೆ. ಅವನು ಚೀರಿ ಮಂಚದಡಿ ಸೇರಿದ. ಅಂದಿನಿಂದ ನನ್ನ ಕೈಯಿಂದ ರೊಟ್ಟಿಯನ್ನೂ ತಿನ್ನಲಿಲ್ಲ.

ಮುಂದಿನ ಭಾನುವಾರ ಬಕೆಟ್ಟನ್ನು ನೆರಳಿನಲ್ಲಿಟ್ಟು, ನೀರು ಮೂವತ್ತೇಳು ಡಿಗ್ರಿಗೆ ಇಳಿಯುವವರೆಗೆ ಥರ್ಮಾಮೀಟರ್ ಹಿಡಿದು ಕುಳಿತೆ.

"ಅಚ್ಛಾ ವಿಜ್ಞಾನಿಗಳೇ, ಆ ಅಂಕಿ ಅವನಿಗೆ ಓದಿ ಹೇಳ್ತೀರಾ?" ಎಂದು ತಂಗಿ ಹರಿಣಿ ಛೇಡಿಸಿದಳು. "ಮೊದಲು ನಿನ್ನ ತಲೆ ಮೇಲೆ ಸುರ್ಕೋ. ಅವನು ನೋಡ್ಲಿ."

ಅಂಗಿಸಮೇತ ನೆನೆದೆ. ಬಕೆಟ್ಟು ಕಂಡೊಡನೆ ಮತ್ತೆ ಮಂಚದಡಿ ಸೇರಿದ್ದ ಜಾಮೂನು ಮೆಲ್ಲನೆ ಹೊರಬಂದು, ನನ್ನ ಒದ್ದೆ ಮೊಣಕೈಯನ್ನು ಮೂಸಿ, ನೆಕ್ಕಿ, ಬಕೆಟ್ಟಿನ ಪಕ್ಕದಲ್ಲಿ ತಾನಾಗಿಯೇ ನಿಂತ. ಮೊದಲ ಮಗ್ ನೀರನ್ನು ಅವನ ಪಾದಗಳ ಮೇಲಷ್ಟೇ ಸುರಿದೆ.