ಬಾಗಿಲಿಗಿಂತ ದೊಡ್ಡ ಕಿರೀಟ

ಓಲ್ಶಿಂಕಾ ಹಳ್ಳಿಯಲ್ಲಿ ಇರುವುದೇ ಹತ್ತೊಂಬತ್ತು ಮನೆ. ಆದರೆ ಸುಗ್ಗಿ ಮುಗಿದ ಮೇಲೆ ಚರ್ಚಿಗೆ ಒಯ್ಯುವ ತೆನೆಯ ಕಿರೀಟದ ಮಾತು ಬಂದರೆ ಅದರ ಜಂಬ ತೊಂಬತ್ತು ಮನೆಯದು. ಹೋದ ವರ್ಷ ಪಕ್ಕದ ದೊಂಬ್ರೋವ್ಕಾದವರು ಇವರ ಕಿರೀಟ ನೋಡಿ, "ಕೊಕ್ಕರೆ ಗೂಡು ಚೆನ್ನಾಗಿದೆ" ಅಂದಿದ್ದರು. ಅದನ್ನು ಕಟ್ಟಿದವಳು ಅರವತ್ತೆಂಟರ ಬ್ರೋನ್ಯಾ. ಚಳಿಗಾಲವಿಡೀ ಅವಳು ಆ ಮಾತನ್ನೇ ಮೆಲುಕು ಹಾಕಿದಳು.

ಈ ಸಲ ಅವರ ಬಾಯಿ ಮುಚ್ಚಿಸಿಯೇ ತೀರಬೇಕೆಂದು ಹಠ ತೊಟ್ಟಳು. ಅವರ ಕಣ್ಣಿಗೆ ಬೀಳದಿರಲಿ ಎಂದು ತನ್ನ ನಡುಮನೆಯಲ್ಲೇ ಪರದೆ ಎಳೆದು ಕಟ್ಟಲು ಶುರುಮಾಡಿದಳು. ಕಬ್ಬಿಣದ ಸರಳುಗಳನ್ನು ಒಂದೊಂದಾಗಿ ಒಳಗೆ ತಂದು ಬಿಗಿದು, ಊರ ಹೆಂಗಸರೆಲ್ಲ ಮೂರು ವಾರ ರೈ, ಗೋಧಿ, ಓಟ್ಸ್ ತೆನೆ ಹೆಣೆದರು. ಗಂಡ ವಾಲೆಂತಿ ಗೊಣಗುತ್ತ ಕೊಟ್ಟಿಗೆಯ ಅಟ್ಟದಲ್ಲಿ ಮಲಗಿದ.

ಭಾನುವಾರ ಹತ್ತಕ್ಕೆ ಟ್ರ್ಯಾಕ್ಟರ್ ಅಂಗಳಕ್ಕೆ ಬಂತು. ಆರು ಜನ ಕಿರೀಟ ಎತ್ತಿಕೊಂಡು ಬಾಗಿಲವರೆಗೆ ಬಂದು ನಿಂತುಬಿಟ್ಟರು. ಕಿರೀಟ ಒಂದೂವರೆ ಗೇಣು ಹೆಚ್ಚು ಅಗಲವಿತ್ತು. ಓರೆ ಮಾಡಿದರು, ಮಲಗಿಸಿದರು, ಏನೂ ಪ್ರಯೋಜನವಾಗಲಿಲ್ಲ. ಕಿಟಕಿಗಳಂತೂ ಇನ್ನೂ ಚಿಕ್ಕವು.

"ಅಳತೆ ಯಾರು ತಗೊಂಡಿದ್ದು?" ಊರ ಮುಖ್ಯಸ್ಥೆ ಯಾದ್ವಿಗಾ ಕೇಳಿದಳು.

"ಕಿರೀಟದ್ದು ನಾನೇ," ಅಂದಳು ಬ್ರೋನ್ಯಾ. "ಬಾಗಿಲಿಂದು ಯಾರು ತಗೋತಾರೆ? ನಲವತ್ತು ವರ್ಷದಿಂದ ಅಲ್ಲೇ ಇದೆಯಲ್ಲ."

"ಒಂದು ಪಕ್ಕ ಬಿಚ್ಚೋಣ ಬ್ರೋನ್ಯಕ್ಕ. ಹನ್ನೊಂದಕ್ಕೆ ಪೂಜೆ."

ಬಿಚ್ಚಿದರೆ ಒಣಗಿದ ತೆನೆಯೆಲ್ಲ ಉದುರಿ, ಉಳಿಯುವುದು ಮತ್ತದೇ ಕೊಕ್ಕರೆ ಗೂಡು. ಬ್ರೋನ್ಯಾ ಕತ್ತರಿ ಕೈಗೆತ್ತಿಕೊಂಡಳು. ಕಣ್ಣು ತುಂಬಿ ತೆನೆ ಬಿಗಿದ ತಂತಿಯೇ ಕಾಣಲಿಲ್ಲ.

ಅಷ್ಟರಲ್ಲಿ ವಾಲೆಂತಿ ಗರಗಸ ಹಿಡಿದು ಬಂದ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವಳು ಚಾಚಿ ಆಗಿದೆ. ಇನ್ನು ಹಾಸಿಗೇನೇ ದೊಡ್ಡದು ಮಾಡ್ಬೇಕು. ಸರೀರಿ."

ಆ ಓಕ್ ಚೌಕಟ್ಟನ್ನು ಮದುವೆಯ ವರ್ಷ ಅವನೇ ಕೆತ್ತಿ ಕೂರಿಸಿದ್ದ. ಅದಕ್ಕೆ ಯಾರಾದರೂ ಸೈಕಲ್ ಒರಗಿಸಿದರೂ ಸಿಡುಕುತ್ತಿದ್ದ.

"ಬೇಡ ವಾಲೆಂತಿ. ಅದು ನಮ್ಮ ಮದುವೆ ಬಾಗಿಲು."

"ನೀನು ಒಳಗೆ ಬರಲಿ ಅಂತ ಮಾಡಿದ್ದು. ಬಂದಾಯ್ತಲ್ಲ."

ಚೌಕಟ್ಟು ಕಿತ್ತ, ಪಕ್ಕದ ಮರದ ಗೋಡೆಯನ್ನೂ ಕೊಯ್ದ. ಒಂದು ಕಾಳೂ ಉದುರದೆ ಕಿರೀಟ ಬಿಸಿಲಿಗೆ ಬಂತು. ಟ್ರೇಲರ್ ಹತ್ತಿದ ಊರೆಲ್ಲ ದಾರಿಯುದ್ದಕ್ಕೂ ಹಾಡಿತು. ಗಂಟೆ ಹೊಡೆಯುವಷ್ಟರಲ್ಲಿ ಚರ್ಚು ಮುಟ್ಟಿದರು. ದೊಂಬ್ರೋವ್ಕಾದವರು ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಗೆ ಒಬ್ಬಳು ಕೇಳಿಯೇಬಿಟ್ಟಳು: "ಇದನ್ನ ಮನೆಯಿಂದ ಹೇಗೆ ಹೊರಗೆ ತಂದ್ರಿ?"

"ಬಾಗಿಲಿಂದ," ಅಂದಳು ಬ್ರೋನ್ಯಾ. ಅವಳಿಗೆ ಬೇರೆ ಬಹುಮಾನ ಬೇಕಿರಲಿಲ್ಲ.

ಸಂಜೆ ಗೋಡೆಯ ಆ ಕಂಡಿಯಿಂದಲೇ ಊರವರೆಲ್ಲ ಒಳಗೆ ಬಂದರು, ಹಿಂದೆಯೇ ಎರಡು ಕೋಳಿಗಳೂ ಬಂದವು. ಬ್ರೋನ್ಯಾ ಪ್ಲಮ್ ಕೇಕಿನ ತಟ್ಟೆ ಹಿಡಿದು ಗಂಡನ ಹತ್ತಿರ ಹೋದಳು. ಅವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ.

"ಮುಂದಿನ ವರ್ಷ ಚಿಕ್ಕದು ಕಟ್ತೀನಿ," ಅಂದಳು.

"ಚಿಕ್ಕದು ಯಾಕೆ? ಬಾಗಿಲು ಎಷ್ಟಗಲ ಬೇಕು, ಈಗ್ಲೇ ಹೇಳು. ಮತ್ತೆ ಮತ್ತೆ ಕೊಯ್ಯೋಕೆ ನನ್ನಿಂದ ಆಗಲ್ಲ."

ಬ್ರೋನ್ಯಾ ತಟ್ಟೆ ಕೆಳಗಿಟ್ಟು, ಎರಡೂ ತೋಳನ್ನು ಆದಷ್ಟು ಅಗಲಕ್ಕೆ ಚಾಚಿ ನಿಂತಳು.